ಬದನಿಕೆ ಕಡಿಯದ ಮನೆ

ಬೀಜದಿಂದ ಹೊರಬಂದ ಹಸಿರು ಮೊಳಕೆ ಅರ್ಧ ಅಂಗುಲ ಬಾಗಿ, ತುದಿಯನ್ನು ಸಣ್ಣ ಬಿಲ್ಲೆಯಂತೆ ಚಪ್ಪಟೆ ಮಾಡಿಕೊಂಡು ಮಾವಿನ ತೊಗಟೆಗೆ ಅಂಟಿತ್ತು. ಉಗುರಿನಿಂದ ಎಬ್ಬಿಸಲು ನೋಡಿದೆ. ಬರಲಿಲ್ಲ.

ಶಾಮನೂರಿನಲ್ಲಿ ಅಕ್ಕನ ಮನೆಯಂಗಳದ ಮರ ಅದು. ತಲೆಯೆತ್ತಿ ನೋಡಿದರೆ ಅರ್ಧದಷ್ಟು ಎಲೆಗಳು ಮಾವಿನವಲ್ಲ, ಅದರ ಕೊಂಬೆಗಳಿಗೇ ಬೇರಿಳಿಸಿ ಬೆಳೆದ ಬದನಿಕೆಯವು. ಅದರಾಚೆಗಿನ ಕೊಂಬೆಗಳು ಒಣಗಿದ್ದವು. ಆದರೂ ಈ ಮನೆಯಲ್ಲಿ ಅದನ್ನು ಕಡಿಯುವಂತಿಲ್ಲ. ಒಳ್ಳೆಯ ನಕ್ಷತ್ರ ನೋಡಿ ಒಂದು ಚೂರು ತಂದು ಅಕ್ಕಿ ಡಬ್ಬಿಯಲ್ಲಿಟ್ಟರೆ ಅಕ್ಕಿ ತೀರುವುದಿಲ್ಲವೆಂದು ಅಕ್ಕನ ಅತ್ತೆಯ ನಂಬಿಕೆ.

ಅಮ್ಮ ತೀರಿಕೊಂಡು, ಮಾಯಕೊಂಡದ ಬಾಡಿಗೆ ಮನೆ ಬಿಟ್ಟ ಮೇಲೆ ಎರಡು ತಿಂಗಳಿಗೆಂದು ಇಲ್ಲಿಗೆ ಬಂದವಳು ನಾನು. ಇದು ಮೂರನೆಯ ವರ್ಷ. ಸಸ್ಯಶಾಸ್ತ್ರದ ಎಂ.ಎಸ್ಸಿ. ಇದೆ, ಕೆಲಸವಿಲ್ಲ. ನನ್ನ ತಟ್ಟೆಗೆ ಎರಡನೆಯ ರೊಟ್ಟಿ ಹಾಕುವಾಗ ಅಕ್ಕನ ದನಿ ತಗ್ಗುವುದನ್ನು ಗಮನಿಸಿದ್ದೆ.

ಆ ಸಂಜೆ ತಡೆಯಲಾರದೆ ಅತ್ತೆಗೆ ವಿವರಿಸಿದೆ: ಬದನಿಕೆ ಅರೆ ಪರಾವಲಂಬಿ. ಹಸಿರೆಲೆ ಇರುವುದರಿಂದ ಆಹಾರ ತಾನೇ ತಯಾರಿಸಿಕೊಳ್ಳುತ್ತದೆ, ನೀರು ಲವಣಗಳನ್ನು ಮಾತ್ರ ಮರದಿಂದ ಹೀರುತ್ತದೆ. ಆದರೂ ಮರ ಸಾಯಬಹುದು.

ಅವರು ಮಂಡಕ್ಕಿಗೆ ಈರುಳ್ಳಿ ಕಲಸುತ್ತಿದ್ದರು. “ಅಂದ್ರ ತನ್ನ ಕೂಳು ತಾನೇ ಬೇಯಿಸ್ಕಂತೈತೆ ಅನ್ನು. ನೀರಷ್ಟೇ ಕೇಳ್ತೈತೆ, ಪಾಪ! ಹಂಗ್ ನೋಡಿದ್ರೆ ನಮ್ಮನ್ಯಾಗ ಅದಕ್ಕಿಂತ ದೊಡ್ಡ ಬದನಿಕೆ ಐತೆ ಬಿಡವ್ವ.”

ಒಲೆಯ ಮುಂದಿದ್ದ ಅಕ್ಕ ನಕ್ಕುಬಿಟ್ಟಳು. ತಕ್ಷಣ ತುಟಿ ಕಚ್ಚಿಕೊಂಡಳು.

“ತಮಾಷಿಗಂದೆ, ಮಾರಿ ಸಣ್ಣ ಮಾಡ್ಬ್ಯಾಡ. ತಗ, ತಿನ್ನು,” ಎಂದರು ಅತ್ತೆ. “ಹಂಗ ಇನ್ನೊಂದು ಮಾತು. ಬರೋ ಸೋಮವಾರ ಮಗಳು ಹೆರಿಗೆಗೆ ಬರ್ತಾಳ. ನಿನ್ನ ಕೋಣಿ ಬೇಕಾಗ್ತೈತೆ.”

“ನಾನೆಲ್ಲಿ...” ಎಂದೆ. ಅಕ್ಕ ತಲೆಯೆತ್ತದೆ ರೊಟ್ಟಿ ಬಡಿಯುತ್ತಲೇ ಇದ್ದಳು.

ನಮ್ಮ ಪಠ್ಯಗಳಲ್ಲಿ ಮರವನ್ನು ಆತಿಥೇಯ ಎನ್ನುತ್ತಾರೆ. ಮರ ಯಾರನ್ನೂ ಕರೆದಿರುವುದಿಲ್ಲ. ನನ್ನನ್ನು ಅಕ್ಕ ಕರೆದಿದ್ದಳು, ಬಸ್ ನಿಲ್ದಾಣಕ್ಕೆ ಬಂದು ನನ್ನ ಬ್ಯಾಗ್ ಹೊತ್ತಿದ್ದಳು. ಪರಾವಲಂಬಿ ಎಂಬುದು ಪುಸ್ತಕದ ಮಟ್ಟಿಗೆ ಬೈಗುಳವಲ್ಲ, ಬದುಕುವ ಒಂದು ಬಗೆ. ಪರೀಕ್ಷೆಯಲ್ಲಿ ಹಾಗೆಂದೇ ಬರೆದಿದ್ದೇನೆ. ಅಕ್ಕನ ಆ ನಗುವಿನ ಮುಂದೆ ಅದು ಯಾವ ಕೆಲಸಕ್ಕೂ ಬರಲಿಲ್ಲ. ಸೋಮವಾರಕ್ಕೆ ಐದು ದಿನವಿತ್ತು. ಹೋಗಲು ಒಂದು ಬಾಗಿಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದಕ್ಕೆ, ಅಲ್ಲೇ ಉಳಿಯುವ ವಾರ್ಡನ್ ಬೇಕಾಗಿತ್ತು. ನನ್ನ ಓದಿಗೆ ತಕ್ಕದ್ದಲ್ಲವೆಂದು ಹಿಂದಿನ ತಿಂಗಳು ಒಲ್ಲೆನೆಂದಿದ್ದೆ. ಗೇಟಿಗೆ ಬೀಗವಿತ್ತು. ಆ ಕೆಲಸಕ್ಕೆ ಯಾರಾದರೂ ಬಂದರೇ ಎಂದು ಕಾವಲಿನ ಹೆಂಗಸನ್ನು ಕೇಳಿದೆ.

“ಗೊತ್ತಿಲ್ರಿ. ಆಫೀಸು ಹತ್ತಕ್ಕ ತೆಗೀತಾರ.”

ಆಗ ಏಳೂವರೆ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತೆ.