ಭಾವನನ್ನು ಅಳಿವೆ ದಾಟಿಸಿದ್ದು

ಪೈವಳಿಕೆಯಿಂದ ಬೆಳಗಿನ ಮೊದಲ ಬಸ್ಸಿಗೆ ನಾನೂ ಅಕ್ಕನೂ ಹೊರಟೆವು. ಅಕ್ಕನ ಮಡಿಲಲ್ಲಿ ಭಾವನ ಬೂದಿಯಿದ್ದ ಮಣ್ಣಿನ ಕುಡಿಕೆ, ಅದರ ಬಾಯಿಗೆ ಬಿಗಿದ ಬಿಳಿ ಬಟ್ಟೆ. ಎರಡು ಟಿಕೇಟು ಹರಿದುಕೊಟ್ಟ ಕಂಡಕ್ಟರ್ "ಅದನ್ನು ಮೇಲೆ ಇಡಲಾ ಅಕ್ಕ?" ಎಂದು ಕೇಳಿದ. ನಾನು ಅವನ ಕಿವಿಯಲ್ಲಿ ವಿಷಯ ಹೇಳಿದೆ. ಆಮೇಲೆ ಹತ್ತಿದವರಲ್ಲಿ ಯಾರನ್ನೂ ಅವನು ನಮ್ಮ ಸೀಟಿಗೆ ಒತ್ತಿ ನಿಲ್ಲಲು ಬಿಡಲಿಲ್ಲ.

ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಉಪ್ಪಳದಲ್ಲಿ ಬಸ್ಸು ಬದಲಿಸುವ ಮೊದಲು ಚಹಾ ಕುಡಿದೆವು. ಅಕ್ಕ ಬೇರೇನೂ ಮುಟ್ಟಲಿಲ್ಲ. ಅವಳೆದುರು ಗೋಳಿಬಜೆ ತಿನ್ನಲು ನನಗೆ ನಾಚಿಕೆಯಾಯಿತು, ಆದರೂ ತಿಂದೆ. ದುಃಖ ಬೇರೆ, ಹಸಿವು ಬೇರೆ.

ಕೃಷ್ಣಪ್ಪ ಭಾವ ಭಾನುವಾರ ಬಂತೆಂದರೆ ಬೈಕು ಹತ್ತಿ ಮಂಜೇಶ್ವರಕ್ಕೆ ಬಂದು, ಗೆಳೆಯ ಹಮೀದ್ ಬ್ಯಾರಿಯ ದೋಣಿಯಲ್ಲಿ ಗಾಳ ಹಾಕಿ ಕೂರುತ್ತಿದ್ದರು. "ನನ್ನ ಬೂದಿಯನ್ನು ಹೊಳೆಗೆ ಹಾಕಬೇಡ, ಅಳಿವೆ ದಾಟಿಸಿ ಸಮುದ್ರಕ್ಕೇ ಹಾಕು" ಎಂದು ಅಕ್ಕನಿಗೆ ಹೇಳಿದ್ದರಂತೆ. ತಮಾಷೆಗೆ ಹೇಳಿದ್ದೋ ಏನೋ. ಆದರೆ ಒಂದು ಸಂಜೆ ಜಗಲಿಯಲ್ಲಿ ಕುಳಿತವರು ಮತ್ತೆ ಏಳಲೇ ಇಲ್ಲ, ಹಾಗಾಗಿ ಅಕ್ಕನ ಪಾಲಿಗೆ ಅದೇ ಕೊನೆಯ ಮಾತಾಯಿತು.

ಮಂಜೇಶ್ವರದಲ್ಲಿ ಹಮೀದ್ ಬ್ಯಾರಿ ಹೊಳೆಯ ದಡದಲ್ಲಿ ನಮಗಾಗಿ ಕಾಯುತ್ತಿದ್ದರು. ಅಕ್ಕನನ್ನು ಕಂಡು ತಲೆಗೆ ಕಟ್ಟಿದ್ದ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ನಾವು ದೋಣಿಯಲ್ಲಿ ಕುಳಿತ ಮೇಲೆ ಹಿಂಬದಿಯ ಸಣ್ಣ ಇಂಜಿನಿನ ಹಗ್ಗ ಎಳೆದರು. ಅದು ಕೆಮ್ಮಲೂ ಇಲ್ಲ. ಮತ್ತೆ ಮತ್ತೆ ಎಳೆದರು. ಅಂಗಿ ಬೆನ್ನಿಗೆ ಅಂಟಿತು.

"ಕಡಲಿನ ಇಳಿತ ಶುರುವಾದರೆ ಅಳಿವೆಯ ಬಾಯಲ್ಲಿ ತೆರೆ ಒಡೆಯುತ್ತದೆ, ಮತ್ತೆ ಹೋಗಲಿಕ್ಕೆ ಆಗುವುದಿಲ್ಲ" ಎಂದರು.

"ಹಾಗಾದರೆ ಇಲ್ಲೇ ಹೊಳೆಗೆ ಬಿಡುವುದಾ?" ಎಂದೆ ನಾನು. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ.

"ಆಗುವುದಿಲ್ಲ" ಎಂದಳು ಅಕ್ಕ. ನಾಳೆ ಬರೋಣವೆನ್ನುವಂತೆಯೂ ಇರಲಿಲ್ಲ. ಒಮ್ಮೆ ಹೊರಟ ಕುಡಿಕೆಯನ್ನು ಮತ್ತೆ ಮನೆಯೊಳಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಬೇರೆ ದೋಣಿಗಳೆಲ್ಲ ಬೆಳಗಾಗುವ ಮೊದಲೇ ಕಡಲಿಗೆ ಹೋಗಿದ್ದವು.

ಹಮೀದ್ ಬ್ಯಾರಿಗಳು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ನೋಡಿದರು, ತೆರೆದೇ ಇತ್ತು. ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೆ ಹಿಸುಕಿದರು, ಪೆಟ್ರೋಲು ಬರುತ್ತಿತ್ತು. ಪ್ಲಗ್ಗು ಬಿಚ್ಚಿ ಇಂಜಿನಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದರೆ ನೀಲಿ ಕಿಡಿಯೂ ಹಾರಿತು. "ಎಲ್ಲ ಸರಿ ಉಂಟಲ್ಲ ಮಾರಾಯ, ನಿನಗೆ ಎಂತ ಆದದ್ದು?" ಎಂದು ಇಂಜಿನನ್ನೇ ಕೇಳಿದರು. ಆಮೇಲೆ ಒದ್ದೆಯಾಗಿದ್ದ ಆ ಪ್ಲಗ್ಗನ್ನು ಮೂಸಿದರು.

"ಸೀಮೆಎಣ್ಣೆ" ಎಂದರು. "ಇದನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡಿಸುವುದು ಅಕ್ಕ. ನಿಲ್ಲಿಸುವ ಮೊದಲು ಪುನಃ ಪೆಟ್ರೋಲಿಗೆ ತಿರುಗಿಸಿ, ಒಳಗಿದ್ದ ಸೀಮೆಎಣ್ಣೆ ಉರಿದು ಮುಗಿಯುವವರೆಗೆ ಕಾಯಬೇಕು. ಹಾಗೇ ನಿಲ್ಲಿಸಿದರೆ ತಣ್ಣಗಾದ ಮೇಲೆ ಹತ್ತುವುದಿಲ್ಲ. ನಾನು ಯಾವತ್ತೂ ಮರೆತವನಲ್ಲ. ಆವತ್ತು ದಡಕ್ಕೆ ಬರುವಾಗ ಫೋನು ಬಂತು, ಕೃಷ್ಣಪ್ಪಣ್ಣ ಹೋದರು ಅಂತ. ಸದ್ದಿಗೆ ಸರಿ ಕೇಳಲಿಲ್ಲ. ಹಾಗೇ ಆಫ್ ಮಾಡಿದೆ. ಮತ್ತೆ ಇದನ್ನು ಮುಟ್ಟಿದ್ದು ಇವತ್ತೇ."

ಆ ಫೋನು ಮಾಡಿದವನು ನಾನು. "ಎಂತ? ಎಂತ?" ಎಂದು ಅವರು ಕೂಗಿದ್ದು, ಅವರ ಹಿಂದಿನ ಗಡಗಡ ಸದ್ದು ಥಟ್ಟನೆ ನಿಂತದ್ದು, ನಾನು ಇನ್ನೊಮ್ಮೆ ಅದೇ ಮಾತು ಹೇಳಬೇಕಾಗಿ ಬಂದದ್ದು, ಎಲ್ಲ ನೆನಪಾಯಿತು.

ಅವರು ಇಂಜಿನಿನ ಕೆಳಗಿನ ತಿರುಪು ಸಡಿಲಿಸಿ ಕಾರ್ಬ್ಯುರೇಟರಿನಲ್ಲಿ ಉಳಿದಿದ್ದ ಎಣ್ಣೆಯನ್ನು ತಗಡಿನ ಡಬ್ಬಕ್ಕೆ ಇಳಿಸಿದರು. ಪ್ಲಗ್ಗನ್ನು ಒರಸಿ ಒಣಗಿಸಿದರು. ಪ್ಲಗ್ಗಿಲ್ಲದೆ ನಾಲ್ಕೈದು ಸಲ ಹಗ್ಗ ಎಳೆದು ಒಳಗಿನ ಪಸೆಯನ್ನೂ ಹೊರಗೆ ಹಾಕಿದರು. ಎಲ್ಲ ಜೋಡಿಸಿ, ಹೊಸ ಪೆಟ್ರೋಲು ತುಂಬುವಂತೆ ಉಂಡೆ ಹಿಸುಕಿ, ಬಿಸ್ಮಿಲ್ಲಾ ಎಂದು ಎಳೆದರು. ಇಂಜಿನು ಒಮ್ಮೆ ಕೆಮ್ಮಿತು. ಮುಂದಿನ ಎಳೆತಕ್ಕೆ ಬಿಳಿ ಹೊಗೆ ಉಗುಳಿ ಹತ್ತಿಕೊಂಡಿತು. ಅದು ಬಿಸಿಯಾದ ಮೇಲೆ ನಲ್ಲಿಯನ್ನು ಸೀಮೆಎಣ್ಣೆಗೆ ತಿರುಗಿಸಿ ಹೊರಟರು.

ಅಳಿವೆಯ ಬಾಯಲ್ಲಿ ದೋಣಿ ಎರಡು ಸಲ ಮೇಲೆದ್ದು ಬಿತ್ತು. ಅಕ್ಕ ಕುಡಿಕೆಯನ್ನು ಎದೆಗೊತ್ತಿಕೊಂಡಿದ್ದಳು. ಆಚೆ ಸಮುದ್ರ ಸಮಾಧಾನವಾಗಿತ್ತು. "ಒಮ್ಮೆ ಇಂಜಿನು ನಿಲ್ಲಿಸುತ್ತೀರಾ ಬ್ಯಾರಿಗಳೇ? ಈ ಸದ್ದಿನಲ್ಲಿ ಬೇಡ" ಎಂದಳು.

ನನಗೆ ಹೆದರಿಕೆಯಾಯಿತು. ನಿಲ್ಲಿಸಿ ಮತ್ತೆ ಹತ್ತದಿದ್ದರೆ? ಬ್ಯಾರಿಗಳು ನಲ್ಲಿಯನ್ನು ಪುನಃ ಪೆಟ್ರೋಲಿಗೆ ತಿರುಗಿಸಿದರು. ಬಹಳ ಹೊತ್ತು ಕಿವಿಗೊಟ್ಟು ಕುಳಿತು, ಸದ್ದು ಹಗುರಾದ ಮೇಲೆ ನಿಲ್ಲಿಸಿದರು. ಆ ಮೌನದಲ್ಲಿ ಅಕ್ಕ ಬಟ್ಟೆ ಬಿಚ್ಚಿ ಬೂದಿಯನ್ನು ನೀರಿಗೆ ಬಿಟ್ಟಳು. ಭಾವ ಸತ್ತ ದಿನವೂ ಅಳದವಳು ಆಗ ಅತ್ತಳು. ಬ್ಯಾರಿಗಳು ಎರಡೂ ಕೈ ಮುಂದೆ ಹಿಡಿದು ತುಟಿಯಲ್ಲೇ ಪ್ರಾರ್ಥಿಸಿದರು. ಬಳಿಕ ಹಗ್ಗ ಎಳೆದರು. ಒಂದೇ ಎಳೆತಕ್ಕೆ ಇಂಜಿನು ಹತ್ತಿತು.

ದಡ ಮುಟ್ಟುವಾಗ ಅವರು ಮತ್ತೆ ನಲ್ಲಿಯನ್ನು ಪೆಟ್ರೋಲಿಗೆ ತಿರುಗಿಸಿದರು. ನಾನು ಕೆಸರಿಗೆ ಹಾರಿ ಕೈ ಚಾಚಿದೆ. ಅಕ್ಕ ಇಳಿಯಲಿಲ್ಲ. ಬರಿಗೈಯನ್ನು ಮಡಿಲಲ್ಲಿಟ್ಟು, ಇಂಜಿನಿನ ಸದ್ದು ಹಗುರಾಗುವುದನ್ನು ಕೇಳುತ್ತ ಕುಳಿತೇ ಇದ್ದಳು. ಬ್ಯಾರಿಗಳೂ ಅವಸರ ಮಾಡಲಿಲ್ಲ.

"ನಿಲ್ಲಿಸಲಾ ಅಕ್ಕ?" ಎಂದು ಕೊನೆಗೆ ಕೇಳಿದರು.

ಅಕ್ಕ ಒಮ್ಮೆ ಅಳಿವೆಯ ಕಡೆ ತಿರುಗಿ ನೋಡಿ, "ಹೂಂ, ಈಗ ನಿಲ್ಲಿಸಿ" ಎಂದಳು.