ಕುದುರೆಗೆ ಕೊಟ್ಟೆ ಕಟ್ಟಿದ ನಾಗಪತಿ

ಮನ್ಮನೆಯ ನಾಗಪತಿ ಕುದುರೆ ತಂದನಂತೆ! ಸುದ್ದಿ ಒಂದೇ ಬೆಳಗಿನಲ್ಲಿ ಮನೆಮನೆ ಮುಟ್ಟಿತು. ಮುಟ್ಟದೆ ಏನು? ಎಮ್ಮೆ, ಎತ್ತು ಕಟ್ಟಿದವರು ಊರ ತುಂಬ ಇದ್ದರು, ಕುದುರೆ ಕಟ್ಟಿದವರು ಯಾರಿದ್ದರು? ಅದು ತೊಂಬತ್ತಾರನೆಯ ಇಸವಿ. ಮಳೆ ಹಿಡಿದರೆ ಊರಿನ ಮಣ್ಣು ರಸ್ತೆಗೆ ಜೀಪು ಇಳಿಯುತ್ತಿರಲಿಲ್ಲ. ಟಾರು ರಸ್ತೆಗೆ ಬರುವ ಡೇರಿ ವ್ಯಾನು ಯಾರಿಗೂ ಕಾಯುತ್ತಿರಲಿಲ್ಲ. ಊರ ಹಾಲನ್ನೆಲ್ಲ ಹೊತ್ತು ಓಡುತ್ತಿದ್ದ ನಾಗಪತಿಯ ಹೆಗಲು ಬಿದ್ದುಹೋಗಿತ್ತು. "ಕುದ್ರೆ ತರ್ತೆ" ಎಂದು ಅವನು ಹೊರಟಾಗ ಹೆಂಡತಿ ದೇವಿ ಕೂಡ ನಕ್ಕಿದ್ದಳು.

ಹಾನಗಲ್ ಕಡೆಯ ಗುರುಶಾಂತವ್ವನ ಹತ್ತಿರ ಸಿಕ್ಕಿದಳು ಕೆಂಪಿ. ಮುದುಕಿಯ ಗಂಡ ಇದ್ದಷ್ಟು ದಿನ ಸಂತೆಯಿಂದ ಸಂತೆಗೆ ಬೆಲ್ಲ ಹೊತ್ತ ಗಿಡ್ಡ ಕುದುರೆ. ಗುರುಶಾಂತವ್ವ ಹಗ್ಗವನ್ನು ಅವನ ಕೈಗೆ ಕೊಟ್ಟಳು, ಕೊರಳಿನ ಗೆಜ್ಜೆಸರವನ್ನು ಮಾತ್ರ ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ನಿಮ್ಮ ಮಳಿ ಎಂಥಾದ್ದಂತ ಕೇಳೇನಿ. ಮಳಿಗಾಲದಾಗ ಬಂದ ನೋಡ್ತೀನಿ. ಕುದರಿ ಕಾಲ ಕೆಟ್ಟಿದ್ವಂದ್ರ ವಾಪಸ್ ಹೊಡಕೊಂಡ ಹೋಗಾಕಿ. ಒಪ್ಪಿಗಿ ಐತೇನ?"

ನಾಗಪತಿ ಒಪ್ಪಿದ. ಆಹಾ, ಆ ಮೊದಲ ದಿನಗಳು! ಕೆಂಪಿಯ ಎರಡು ಮಗ್ಗುಲಿಗೂ ಕ್ಯಾನು, ನಾಗಪತಿ ಕೈಬೀಸಿಕೊಂಡು ಮುಂದೆ. ವ್ಯಾನು ಬರುವ ಹೊತ್ತಿಗೆ ಅವನು ರಸ್ತೆಯಲ್ಲಿ ನಿಂತು ಎಲೆಯಡಿಕೆಯ ಕವಳ ಹಾಕಿ ಮುಗಿಸಿರುತ್ತಿದ್ದ. ನಲವತ್ತು ವರ್ಷದಲ್ಲಿ ತಾನು ಗೆದ್ದ ಕೆಲಸ ಇದೊಂದೇ ಎಂದು ಅವನಿಗೆ ಅನ್ನಿಸಿತ್ತು, ಕೆಂಪಿಯನ್ನು ಬಿಟ್ಟು ಒಂದು ಗಳಿಗೆ ಇರಲಾರದಷ್ಟು ಹಚ್ಚಿಕೊಂಡಿದ್ದ.

ಪುನರ್ವಸು ಮಳೆಯಲ್ಲಿ ಕೆಸರು ತುಳಿದು ತುಳಿದು ಕೆಂಪಿಯ ಗೊರಸಿನ ಮೇಲೆ, ಹಿಂಬದಿಯ ಮಡಿಕೆಯಲ್ಲಿ ಹಕ್ಕಳೆ ಕಟ್ಟಿತು. ನಾಗಪತಿ ಹೆದರಲಿಲ್ಲ. ಅವನು ಊರಿಗೇ ಹೆಸರಾದ ಕೊಟ್ಟೆ ಕಟ್ಟುವವ. ಮರದ ತುದಿಗೆ ಹತ್ತಿ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಮುಚ್ಚಿ ಕಟ್ಟಿದನೆಂದರೆ ಮಳೆನೀರು ಒಳಗೆ ಹೋಗುವ ಮಾತಿಲ್ಲ, ಕೊಳೆರೋಗವೂ ಇಲ್ಲ. ಅಡಿಕೆಗೆ ಆಗುವುದು ಕುದುರೆಗೆ ಯಾಕೆ ಆಗಬಾರದು? ದಿನಾ ಹಳ್ಳದಲ್ಲಿ ಕೆಂಪಿಯ ಕಾಲು ತಿಕ್ಕಿ ತೊಳೆದ, ಹಸಿಗಾಲಿಗೇ ನಾಲ್ಕು ಕೊಟ್ಟೆ ಬಿಗಿದ. ದಾರಿಯಲ್ಲಿ ಸಿಕ್ಕವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಮಾತ್ರ ಮೀಸೆ ತಿರುವಿದ.

ಹತ್ತೇ ದಿನ! ಕಾಲು ಬಾತು, ಕೆಂಪಿ ಕುಂಟತೊಡಗಿದಳು. ಸರಿಯಾಗಿ ಆಗಲೇ ಕೊಡೆ ಮಡಚುತ್ತ ಗುರುಶಾಂತವ್ವ ಅಂಗಳಕ್ಕೆ ಬರಬೇಕೇ? ಮುದುಕಿ ಕೂತು ಒಂದು ಕೊಟ್ಟೆ ಹರಿದಳು. ಗಬ್ಬುನಾತ ಹೊಡೆಯಿತು.

"ಏನ ಮಾಡೀಯೋ ತಮ್ಮಾ ಇದು! ಕುದರಿ ಕಾಲು ಅಡಿಕಿ ಗೊನಿ ಏನೋ? ಹಸೀನ ಒಳಗ ಇಟ್ಟು ಬಾಯಿ ಕಟ್ಟೀಯಲ್ಲೋ!"

ನಾಗಪತಿ ಕೈಮುಗಿದ. "ಅವ್ವಾ, ಗೊತ್ತಾಗ್ಲಿಲ್ಲೆ. ತಪ್ಪಾತು. ಕರ್ಕಂಡು ಮಾತ್ರ ಹೋಗಬೇಡಿ."

ಅವಳು ಉಳಿದ ಮೂರು ಕೊಟ್ಟೆಯನ್ನೂ ಹರಿದು ಎಸೆದಳು. "ಚೌತಿ ತನಕಾ ನೋಡ್ತೀನಿ" ಎಂದವಳು ಅಲ್ಲೇ ಪಾಠ ಶುರುಮಾಡಿದಳು. ಕಾಲಿನ ಉದ್ದ ಕೂದಲು ಕತ್ತರಿಸು. ಹಕ್ಕಳೆಯನ್ನು ಕೀಳಬೇಡ, ಬೆಚ್ಚಗಿನ ಉಪ್ಪುನೀರಿನಲ್ಲಿ ನೆನೆಸು, ತಾನಾಗಿ ಬಿಟ್ಟದ್ದನ್ನಷ್ಟೇ ತೆಗೆ. ಆಮೇಲೆ ದಿನಾ ತೊಳೆಯುವುದು ಬೇಡ, ಕೆಸರು ಒಣಗಲಿ, ಒಣಗಿದ ಮೇಲೆ ಉಜ್ಜಿ ಉದುರಿಸು. ಹುಣ್ಣಿಗೆ ದನದ ಡಾಕ್ಟರ ಹತ್ತಿರ ಮುಲಾಮು ತಾ.

"ಒಣಗಬೇಕೋ ತಮ್ಮಾ, ಒಣಗಬೇಕು! ಔಷಧ ಆಮ್ಯಾಲಿನ ಮಾತು."

ಆಶ್ಲೇಷಾ ಮಳೆಯಲ್ಲಿ ಒಣಗಿಸುವುದೆಂದರೆ! ಊರಿನಲ್ಲಿ ಒಣ ಜಾಗ ಒಂದೇ, ಬಚ್ಚಲ ಒಲೆಯ ಮುಂದೆ. ನಾಗಪತಿ ಕೆಂಪಿಯನ್ನು ಅಲ್ಲೇ ತಂದು ಕಟ್ಟಿದ.

"ನಿಮ್ಗೆ ತಲೆ ಗಿಲೆ ಕೆಟ್ಟಿತಾ? ನಾವು ಮೀಯೋದು ಎಲ್ಲಿ?" ದೇವಿ ಹಾರಾಡಿದಳು. ಹಾರಾಡಿ ಹಾರಾಡಿ, ಕೊನೆಗೆ ತನ್ನ ಹಳೆಯ ಹತ್ತಿ ಸೀರೆಯನ್ನು ಹರಿದು ಕಾಲು ಒರೆಸಲು ಕೊಟ್ಟಳು.

ನಾಗಪತಿ ಮತ್ತೆ ಹೆಗಲ ಮೇಲೆ ಕ್ಯಾನು ಹೊತ್ತ. ಕೆಸರಿನಲ್ಲಿ ಓಡಿ ಬಂದವನೇ ಕೆಂಪಿಯ ಮುಂದೆ ಕೂತು ಒರೆಸುವುದು, ಮುಲಾಮು ಹಚ್ಚುವುದು, ಕಾಲಡಿಯ ದರಕಿನ ಎಲೆ ಬದಲಿಸಿ ಒಣಗಿದ್ದನ್ನು ಹಾಸುವುದು. ಮೂರನೆಯ ವಾರ ಬಾವು ಇಳಿಯಿತು. ಐದನೆಯ ವಾರ ಗುಲಾಬಿ ಚರ್ಮದ ಮೇಲೆ ಸಣ್ಣ ಕೂದಲು! ಅವನು ಕೂಗಿದ ಕೂಗಿಗೆ ದೇವಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಚೌತಿಗೆ ಎರಡು ದಿನ ಇರುವಾಗ ಗುರುಶಾಂತವ್ವ ಬಂದಳು. ಕೆಂಪಿಯ ನಾಲ್ಕೂ ಕಾಲನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಗ ಅವಳ ಕಣ್ಣು ಪಕ್ಕದಲ್ಲಿದ್ದ ನಾಗಪತಿಯ ಪಾದದ ಮೇಲೆ ಬಿತ್ತು. ಬೆರಳ ಸಂದಿಯೆಲ್ಲ ಬೆಳ್ಳಗೆ ಕೊಳೆತು ಬಿರಿದಿತ್ತು.

"ಇದೇನೋ?"

"ಕೆಸರುಹುಣ್ಣು ಅವ್ವಾ. ಮಳೆಗಾಲದಲ್ಲಿ ಇದ್ದದ್ದೇ."

"ಕುದ್ರೆ ಕಾಲು ಒರ್ಸುಕೆ ನನ್ನ ಸೀರೆ ಆತು," ಎಂದಳು ದೇವಿ, "ಇವ್ರ ಕಾಲು ಒರ್ಸ್ಕಳುಕೆ ಇವ್ರಿಗೆ ಪುರ್ಸೊತ್ತೇ ಇಲ್ಲೆ."

ಮುದುಕಿ ಚೀಲಕ್ಕೆ ಕೈಹಾಕಿದಳು. ಹಗ್ಗ ತೆಗೆಯುತ್ತಾಳೆಂದು ನಾಗಪತಿ ಕಣ್ಣು ಮುಚ್ಚಿದ. ಘಲ್ಲೆಂದಿತು. ಕಣ್ಣು ಬಿಟ್ಟರೆ, ಅವಳು ಗೆಜ್ಜೆಸರವನ್ನು ಕೆಂಪಿಯ ಕೊರಳಿಗೆ ಕಟ್ಟುತ್ತಿದ್ದಳು.

"ಕುದರಿ ಅವತ್ತ ಕೊಟ್ಟಿದ್ದೆ, ಇದನ್ನ ಇವತ್ತ ಕೊಡ್ತೀನಿ. ಉಳಿದ ಮುಲಾಮು ನೀ ಹಚ್ಚಿಕೋ."

ನಾಗಪತಿಗೆ ಅಳುವೂ ಬಂತು, ನಗುವೂ ಬಂತು.

ಮುಂದೆ ಏಳು ಮಳೆಗಾಲ ಮನ್ಮನೆಯ ಹೆಂಗಸರು ಗೆಜ್ಜೆಯ ಸದ್ದು ಕೇಳಿಯೇ ಹಾಲಿನ ಚೆಂಬು ಹಿಡಿದು ಬೇಲಿಯ ದಣಪೆಗೆ ಬರುತ್ತಿದ್ದರು. ವ್ಯಾನಿಗೆ ಹಾಲು ಕೊಟ್ಟು ಬಂದ ಮೇಲೆ ದೇವಿಯ ಬಚ್ಚಲ ಒಲೆಯ ಮುಂದೆ ಆರು ಕಾಲು ಒಣಗುತ್ತಿದ್ದವು, ಮೊದಲು ನಾಲ್ಕು, ಆಮೇಲೆ ಎರಡು.