ಹುಳ ಹಣ್ಣಾಗುವ ವಾರ

ಅಮ್ಮಾಜಮ್ಮನ ಕೈ ನೋಡಿಯೇ ಹೆಣ್ಣು ಒಪ್ಪಿದ್ದು ಎಂದು ಅವಳ ಅತ್ತೆ ಸಾಯುವವರೆಗೂ ಹೇಳುತ್ತಿದ್ದಳು. ಶಿಡ್ಲಘಟ್ಟದ ಸುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಅದು ದೊಡ್ಡ ಹೊಗಳಿಕೆ. ಮೇವು ಬಿಟ್ಟು ಹಣ್ಣಾದ ಹುಳವನ್ನು ಸೊಪ್ಪಿನಿಂದ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಾಗ ಬೆರಳು ಒತ್ತಬಾರದು, ತಡವರಿಸಲೂಬಾರದು. ಹೊತ್ತು ಮೀರಿದರೆ ಹುಳ ಕಸದಲ್ಲೇ ನೂಲು ಸುತ್ತತೊಡಗುತ್ತದೆ. ಮದುವೆಯಾದಾಗಿನಿಂದ ಆ ಮನೆಯ ಪ್ರತಿ ಬೆಳೆಯೂ ಅವಳ ಬೆರಳ ತುದಿಯಿಂದಲೇ ಚಂದ್ರಿಕೆ ಏರಿತ್ತು.

ಆಮೇಲೆ ಬೆರಳುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚದು. ಕಾಫಿ ಲೋಟ ಹಿಡಿಯಲು ಎರಡೂ ಅಂಗೈ ಬೇಕು. ಕೀಲುವಾತವೆಂದು ಎಣ್ಣೆ ತಿಕ್ಕಿ, ಮಾತ್ರೆ ನುಂಗಿ ಸೋತ ಮೇಲೆ, ಎರಡು ಸಾವಿರದ ಏಳರಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು ಹೊಸ ಔಷಧಿ ಹೇಳಿದರು. ಎರಡು ತಿಂಗಳಿಗೊಮ್ಮೆ ಅರ್ಧ ದಿನ ಆಸ್ಪತ್ರೆಯಲ್ಲಿ ಮಲಗಿ, ಡ್ರಿಪ್‌ನಲ್ಲಿ ಹನಿಹನಿಯಾಗಿ ಏರಿಸಿಕೊಳ್ಳಬೇಕು. ಅದಕ್ಕೆಂದು ಮಾರಿದ್ದು ಅವಳಪ್ಪ ಅವಳ ಹೆಸರಿಗೆ ಬರೆದಿದ್ದ ಸೈಟು.

ಔಷಧಿ ಹಿಡಿಯಿತು. ಒಂದು ಬೆಳಿಗ್ಗೆ ಅವಳು ತನ್ನ ಜಡೆ ತಾನೇ ಹೆಣೆದುಕೊಂಡಳು. ಗಂಡ ಮುನಿಶಾಮಪ್ಪ ಬಾಗಿಲಲ್ಲಿ ನಿಂತು ನೋಡಿದ. ಸಂಜೆ ತಮ್ಮ ಚಲಪತಿಯನ್ನು ಕರೆದುಕೊಂಡು ಹೋಗಿ, ಮುಂದಿನ ಬೆಳೆಗೆ ದುಪ್ಪಟ್ಟು ಮರಿಹುಳ ಹೇಳಿ ಬಂದ. ಅಲ್ಲಿಂದ ಅದೇ ಪದ್ಧತಿಯಾಯಿತು. ಡ್ರಿಪ್ ಹಾಕಿಸಿದ ವಾರವೇ ಹುಳ ಹಣ್ಣಾಗಬೇಕು. ಬಿಚ್ಚಿದ ಬೆರಳು ಒಂದು ದಿನವೂ ಅವಳದಾಗಿ ಉಳಿಯಲಿಲ್ಲ.

ಮರುವರ್ಷ, ಡ್ರಿಪ್ಪಿನ ದಿನ ಹತ್ತಿರವಾದಾಗ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಕಾಯುತ್ತಿತ್ತು. ಬೆಂಗಳೂರಿನ ಬಸ್ಸಿನಲ್ಲಿ ಮುನಿಶಾಮಪ್ಪ ಕಿಟಕಿಯಾಚೆ ನೋಡುತ್ತಲೇ ಹೇಳಿದ.

"ಅಲ್ಲಿ ಕೆಮ್ಮಿನ ಮಾತು ಎತ್ಬೇಡ."

"ಯಾಕೆ?"

"ಡ್ರಿಪ್ ಹಾಕ್ದೆ ವಾಪಸ್ ಕಳಿಸ್ತಾರೆ. ಇನ್ನು ನಾಲ್ಕು ದಿನಕ್ಕೆ ಹುಳ ಹಣ್ಣಾಗ್ತವೆ. ಯಾರು ಆಯ್ತಾರೆ, ನಿಮ್ಮಪ್ಪನಾ?"

"ಸೈಟು ಕೊಟ್ಟಿದ್ದು ಸಾಲ್ದೇನು, ಹುಳ ಆಯೋಕೂ ನಮ್ಮಪ್ಪನೇ ಬರ್ಬೇಕಾ?"

"ಕೆಮ್ಮು ಬಂದ್ರೆ ಸೆರಗು ಬಾಯಿಗಿಟ್ಕೊ, ಅಷ್ಟೆ."

ಮೊದಲ ದಿನವೇ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: ಈ ಔಷಧಿ ಕೀಲು ತಿನ್ನುವುದನ್ನು ಅಡಗಿಸುತ್ತದೆ, ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ಅಡಗಿಸುತ್ತದೆ, ಎದೆಯಲ್ಲಿ ಕ್ಷಯವೇನಾದರೂ ಇದ್ದರೆ ಭುಗಿಲೇಳುತ್ತದೆ. "ಜೀವಕ್ಕೇ ಅಪಾಯನಾ ಸಾರ್?" ಎಂದು ಎರಡು ಸಲ ಕೇಳಿ ತಿಳಿದುಕೊಂಡವನು ಮುನಿಶಾಮಪ್ಪನೇ. ಗೊತ್ತಿಲ್ಲದೆ ಆಡಿದ ಮಾತಾಗಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ.

ಆಸ್ಪತ್ರೆಯಲ್ಲಿ ನರ್ಸು ಬಿ.ಪಿ. ಪಟ್ಟಿ ಸುತ್ತುತ್ತಾ ಎಂದಿನಂತೆ ಕೇಳಿದಳು. "ಜ್ವರ, ಕೆಮ್ಮು, ಗಾಯ ಏನಾದ್ರೂ ಇದ್ಯಾಮ್ಮ?"

"ಏನಿಲ್ಲ ಸಿಸ್ಟರ್," ಎಂದ ಮುನಿಶಾಮಪ್ಪ.

"ಅವರಿಗೇನಿಲ್ಲ. ನನಗಿದೆ," ಎಂದಳು ಅಮ್ಮಾಜಮ್ಮ. "ಎರಡು ವಾರದಿಂದ ಕೆಮ್ಮು, ಸಂಜೆ ಜ್ವರ. ಹೇಳ್ಬೇಡ ಅಂತ ಬಸ್ಸಲ್ಲಿ ಪಾಠ ಮಾಡ್ಕೊಂಡು ಕರ್ಕೊಂಡ್ಬಂದಿದಾರೆ."

ನರ್ಸು ಡ್ರಿಪ್ಪಿಗೆಂದು ತೆಗೆದಿಟ್ಟಿದ್ದ ಸೂಜಿಯನ್ನು ತಟ್ಟೆಗೆ ವಾಪಸ್ಸಿಟ್ಟಳು. ಎದೆಯ ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆಗೆ ಕೊಟ್ಟರು. ರಿಪೋರ್ಟ್ ಬರುವವರೆಗೆ ಡ್ರಿಪ್ ಇಲ್ಲ ಎಂದರು. ಇಬ್ಬರೂ ಸಂಜೆಯ ಬಸ್ಸಿಗೆ ಊರಿಗೆ ಮರಳಿದರು.

ಹುಳ ಯಾರಿಗೂ ಕಾಯಲಿಲ್ಲ. ಹೇಳಿದ ದಿನಕ್ಕೇ ಹಣ್ಣಾಗಿ, ಹಳದಿ ತಿರುಗಿ, ತಲೆಯೆತ್ತಿ ಆಸರೆ ಹುಡುಕತೊಡಗಿತು. ಕೂಲಿಗೆ ಕರೆದವರು ಬೇರೆ ಮನೆಗಳಿಗೆ ಹೋಗಿಯಾಗಿತ್ತು. ಅಣ್ಣತಮ್ಮಂದಿರೇ ಕುಕ್ಕುರುಗಾಲಲ್ಲಿ ಕೂತರು.

"ಅತ್ಗೆ, ಒಂಚೂರು ಕೈ ಹಾಕಿ. ಕಣ್ಮುಂದೆನೇ ಹಾಳಾಗ್ತಿದೆ," ಎಂದ ಚಲಪತಿ.

ಅಮ್ಮಾಜಮ್ಮ ಬಿಚ್ಚದ ಎರಡೂ ಮುಷ್ಟಿಗಳನ್ನು ಅವನ ಮುಂದೆ ಚಾಚಿದಳು. "ತಗೊಳ್ಳಪ್ಪ. ಇವನ್ನೇ ಹಾಕ್ಕೋ."

ಅವನು ಮತ್ತೆ ಸೊಪ್ಪಿಗೆ ಕೈ ಹಾಕಿದ. ಮುನಿಶಾಮಪ್ಪನ ದಪ್ಪ ಬೆರಳುಗಳ ನಡುವೆ ಹುಳವೊಂದು ಒಡೆದು ರಸ ಸುರಿಯಿತು. ಅವನು ಹೆಂಡತಿಯತ್ತ ನೋಡಿದ. ಒಡೆದವಳು ಕೂಲಿಯವಳಾಗಿದ್ದರೆ ಒತ್ತಬೇಡ ಕಣಮ್ಮ ಎಂದು ಹೇಳಿಕೊಡುತ್ತಿದ್ದಳು. ಅವನಿಗೆ ಹೇಳಲಿಲ್ಲ.

"ಸೋಮವಾರ ರಿಪೋರ್ಟಿಗೆ ನಾನೊಬ್ಬಳೇ ಹೋಗ್ತೀನಿ," ಎಂದಳು. "ಮುಂದಿನ ಡ್ರಿಪ್ ಯಾವಾಗ ಅಂತ ನಿಮಗೆ ಹೇಳಲ್ಲ. ಮರಿ ಯಾವಾಗ ಬೇಕೋ ಆವಾಗ ತಂದ್ಕೊಳ್ಳಿ."

ಅಂಗಳಕ್ಕೆ ಹೋಗಿ ಕಲ್ಲಿನ ಮೇಲೆ ಕೂತಳು. ಕೆಮ್ಮು ಒತ್ತರಿಸಿ ಬಂತು. ಸೆರಗು ಅಡ್ಡ ಹಿಡಿಯದೆ, ಒಳಗೆ ಕೂತವರಿಗೆಲ್ಲ ಕೇಳುವಂತೆ ಕೆಮ್ಮಿದಳು.